ಕಾರ್ ಪಾಲಿಶ್‌ಗೆ ಯಾವ ಮಷೀನ್ ತಗೊಳ್ಳೋದು?

ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ, ಅಗಲವಾದ ಪ್ಯಾಡ್ ಮೇಲೆ ಬಟ್ಟೆಯ ಕವರ್ ಹಾಕುವ ಬಫರ್ ಇದೆಯಲ್ಲ, ಅದು ವ್ಯಾಕ್ಸ್ ಹಚ್ಚಿ ಒರೆಸೋದಕ್ಕೆ ಸರಿ. ಬಿಸಿಲಲ್ಲಿ ಬಾನೆಟ್ ಮೇಲೆ ಜೇಡರ ಬಲೆಯ ಹಾಗೆ ಕಾಣುವ ಗೀರು ತೆಗೆಯುವ ಶಕ್ತಿ ಅದಕ್ಕಿಲ್ಲ.

ಗೀರು ಹೋಗಬೇಕು ಅಂದರೆ ಡ್ಯುಯಲ್ ಆಕ್ಷನ್ ಪಾಲಿಶರ್ ನೋಡಿ. ಇದರ ಪ್ಯಾಡ್ ತನ್ನ ಸುತ್ತ ತಾನೂ ತಿರುಗುತ್ತದೆ, ಸಣ್ಣ ವೃತ್ತದಲ್ಲೂ ಓಡಾಡುತ್ತದೆ. ಅದಕ್ಕೇ ಬರೀ ತನ್ನ ಸುತ್ತ ತಿರುಗುವ ರೋಟರಿ ಮಷೀನಿನಂತೆ ಒಂದೇ ಕಡೆ ಬಿಸಿ ಏರಿ ಪೇಂಟ್ ಸುಡುವ ಭಯ ಕಡಿಮೆ.

ವಾಟ್ ಜಾಸ್ತಿ ಅಂತ ಮರುಳಾಗಬೇಡಿ, ಥ್ರೋ, ಅಂದರೆ ಪ್ಯಾಡ್ ಓಡಾಡುವ ಆ ಸಣ್ಣ ವೃತ್ತದ ಅಗಲ, ಎಷ್ಟು ಅಂತ ಕೇಳಿ. 8 ಮಿ.ಮೀ. ಆದರೆ ಬಂಪರ್‌ನಂಥ ಬಾಗಿದ ಜಾಗಕ್ಕೆ ಸುಲಭ. 21 ಮಿ.ಮೀ. ಆದರೆ ಬಾನೆಟ್, ರೂಫ್ ಬೇಗ ಮುಗಿಯುತ್ತದೆ, ಆದರೆ ಉಬ್ಬುತಗ್ಗು ಬಂದಾಗ ಪ್ಯಾಡ್ ತಿರುಗೋದೇ ನಿಂತುಬಿಡಬಹುದು. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟರೆ ಅದು ತಿರುಗುತ್ತಿದೆಯೋ ಸುಮ್ನೆ ನಡುಗುತ್ತಿದೆಯೋ ಕಣ್ಣಿಗೇ ಕಾಣುತ್ತದೆ.

ಮನೆ ಕಾರಿಗೆ ನನ್ನ ಓಟು 15 ಮಿ.ಮೀ., 5 ಇಂಚಿನ ಪ್ಲೇಟಿಗೆ. ಇಟಲಿಯ ರೂಪೆಸ್ ಕಂಪನಿಯ ಪಾಲಿಶರ್ ಚೆನ್ನಾಗಿದೆ, ನಿಜ. ಆದರೆ ವರ್ಷಕ್ಕೊಮ್ಮೆ ಪಾಲಿಶ್ ಮಾಡೋರಿಗೆ ಅಷ್ಟು ದುಡ್ಡು ಯಾಕೆ ಅಲ್ವಾ? ಉಳಿದ ದುಡ್ಡಿಗೆ ಫೋಮ್ ಪ್ಯಾಡ್ ನಾಲ್ಕೈದು ತಗೊಳ್ಳಿ, ಒಂದರಲ್ಲೇ ಇಡೀ ಕಾರು ಉಜ್ಜಿದರೆ ಪ್ಯಾಡ್ ತುಂಬಾ ಪಾಲಿಶ್ ಮೆತ್ತಿಕೊಂಡು ಕೆಲಸವೇ ಆಗುವುದಿಲ್ಲ.