ಎಂಟು ತಿಂಗಳು ಮಲಗಿದ್ದ ಬ್ಯಾಟರಿ: ಆರನೇ ದಿನದವರೆಗೆ

ಮೊದಲ ದಿನ

ಮೂಲೆಯಲ್ಲಿ ಮರೆತುಬಿಟ್ಟಿದ್ದ 12 ವೋಲ್ಟ್, 45 ಆಂಪಿಯರ್-ಅವರ್ ಸಾಮರ್ಥ್ಯದ ಕಾರ್ ಬ್ಯಾಟರಿಯನ್ನು ಹೊರಗೆಳೆದೆ. ಮೀಟರ್ ತೋರಿಸಿದ್ದು 11.1 ವೋಲ್ಟ್. ತುಂಬಿದ ಬ್ಯಾಟರಿ 12.6ರ ಆಸುಪಾಸಿನಲ್ಲಿರಬೇಕು. ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದರೆ ಆರು ಸೆಲ್‌ಗಳ (ಒಳಗಿನ ಖಾನೆಗಳ) ಪೈಕಿ ಎರಡರಲ್ಲಿ ಪ್ಲೇಟುಗಳ ನೆತ್ತಿ ನೀರಿನಿಂದ ಮೇಲೆದ್ದು, ಬೂದಿ ಬಳಿದಂತೆ ಬಿಳಿಚಿಕೊಂಡಿತ್ತು.

ಆ ಬಿಳುಪು ಸೀಸದ ಸಲ್ಫೇಟ್. ಬ್ಯಾಟರಿ ಖಾಲಿಯಾದಾಗಲೆಲ್ಲ ಅದು ಹುಟ್ಟುತ್ತದೆ, ಚಾರ್ಜ್ ಮಾಡಿದಾಗ ಕರಗುತ್ತದೆ. ಖಾಲಿಯಾದದ್ದನ್ನು ಹಾಗೆಯೇ ಬಿಟ್ಟರೆ ಮಾತ್ರ ಸಣ್ಣ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ, ಆಮೇಲೆ ಸುಲಭವಾಗಿ ಕರಗುವುದಿಲ್ಲ. ತಪ್ಪು ನನ್ನದೇ.

ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ನೀರು ಹಾಕಿದೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ (ಬರೀ ನೀರಾದರೆ 1) ಅದು 1.10ರ ಹತ್ತಿರ ಬಂತು. ಇರಬೇಕಾದದ್ದು ಸುಮಾರು 1.265. ಇಲ್ಲಿ ಆಮ್ಲ ಸುರಿಯುವ ಆಸೆ ಬಹಳ ಜನರಿಗೆ ಬರುತ್ತದೆ. ಆದರೆ ಆಮ್ಲ ಎಲ್ಲಿಗೂ ಹೋಗಿಲ್ಲ, ಸಲ್ಫೇಟ್ ಆಗಿ ಪ್ಲೇಟಿನಲ್ಲೇ ಕುಳಿತಿದೆ. ಈಗ ಸುರಿದರೆ, ಸಲ್ಫೇಟ್ ಕರಗಿ ತನ್ನ ಆಮ್ಲ ಬಿಟ್ಟುಕೊಟ್ಟ ದಿನ ಆಮ್ಲ ವಿಪರೀತವಾಗುತ್ತದೆ.

ಎರಡನೇ ದಿನ

ಕಿಟಕಿ ತೆರೆದು (ಚಾರ್ಜ್ ಆಗುವಾಗ ಹೊರಬರುವ, ಹೊತ್ತಿಕೊಳ್ಳುವ ಹೈಡ್ರೋಜನ್ ಜೊತೆ ಹುಡುಗಾಟ ಬೇಡ), ಕನ್ನಡಕ ಹಾಕಿ, 15 ವೋಲ್ಟ್, 1 ಆಂಪಿಯರ್ ಮಿತಿಯಿಟ್ಟು ಪವರ್ ಸಪ್ಲೈ ಜೋಡಿಸಿದೆ. ಬ್ಯಾಟರಿ ತೆಗೆದುಕೊಂಡದ್ದು 0.12 ಆಂಪಿಯರ್! ವೋಲ್ಟ್ ತಕ್ಷಣ ಮಿತಿ ಮುಟ್ಟುವುದು, ಕರೆಂಟ್ ಒಳಗೆ ಹೋಗದಿರುವುದು, ಇದೇ ಸಲ್ಫೇಟಿನ ಗುರುತು. ರಾತ್ರಿ ಹೊತ್ತಿಗೆ 0.3.

ಮೂರು, ನಾಲ್ಕನೇ ದಿನ

ಬೆಳಿಗ್ಗೆ ನೋಡಿದರೆ ಪೂರ್ತಿ 1 ಆಂಪಿಯರ್ ಹೋಗುತ್ತಿದೆ, ವೋಲ್ಟ್ 13.2ಕ್ಕೆ ಇಳಿದಿದೆ. ವೋಲ್ಟ್ ಇಳಿದಿದ್ದಕ್ಕೆ ಇಷ್ಟು ಖುಷಿಪಟ್ಟದ್ದು ಇದೇ ಮೊದಲು. ಮುಟ್ಟಿ ನೋಡುತ್ತಿದ್ದೆ, ಡಬ್ಬಿ ತುಸು ಬೆಚ್ಚಗಿತ್ತು, ಅಷ್ಟೇ. ಬೇರೇನೂ ಮಾಡಲಿಲ್ಲ, ಕಾದೆ.

ಐದನೇ ದಿನ

ವೋಲ್ಟ್ ಮತ್ತೆ ಏರಿ ಗುಳ್ಳೆಗಳು ಶುರುವಾದವು. ತಳದಲ್ಲಿ ಕೂತ ಗಟ್ಟಿ ಆಮ್ಲ ಕದಡಿಕೊಳ್ಳಲಿ ಎಂದು ಮೂರು ಗಂಟೆ 15.8 ವೋಲ್ಟಿನಲ್ಲಿಟ್ಟೆ. ಮುಚ್ಚಳ ಬಿಗಿದ, ನೀರು ಹಾಕಲಾಗದ ಬ್ಯಾಟರಿಗೆ ಇದು ಸಲ್ಲದು. ಸಪ್ಲೈ ಆರಿಸಿ ನೋಡಿದರೆ ಐದು ಸೆಲ್‌ಗಳ ಸಾಂದ್ರತೆ 1.24ರಿಂದ 1.25. ಮೂರನೆಯದು ಮಾತ್ರ 1.19, ಗುಳ್ಳೆಯೂ ಕಡಿಮೆ. ಹೈಡ್ರೋಮೀಟರಿಗೆ ಹೀರಿದ ದ್ರವ ಚಹಾದ ಬಣ್ಣದಲ್ಲಿತ್ತು. ಧನ ಪ್ಲೇಟಿನ ಪುಡಿ ಉದುರುತ್ತಿದೆ ಎಂದರ್ಥ. ಸಲ್ಫೇಟನ್ನು ಕರಗಿಸಬಹುದು, ಉದುರಿದ ಪುಡಿಯನ್ನು ಪ್ಲೇಟಿಗೆ ಮತ್ತೆ ಅಂಟಿಸುವ ಯಾವ ಚಾರ್ಜರೂ ಇಲ್ಲ.

ಆರನೇ ದಿನ

ಒಂದು ರಾತ್ರಿ ಸುಮ್ಮನೆ ಬಿಟ್ಟ ಮೇಲೆ 12.45 ವೋಲ್ಟ್. 21 ವ್ಯಾಟ್ ಬಲ್ಬ್ ಹಚ್ಚಿ ಗಡಿಯಾರ ನೋಡುತ್ತ ಕುಳಿತೆ. ಖಾಲಿ ಎಂದು ಲೆಕ್ಕ ಹಾಕುವ 10.5 ವೋಲ್ಟಿಗೆ ಇಳಿಯಲು ಒಂಬತ್ತೂವರೆ ಗಂಟೆ ಹಿಡಿಯಿತು, ಅಂದರೆ ಸುಮಾರು 16 ಆಂಪಿಯರ್-ಅವರ್. ಮೂಲ ಸಾಮರ್ಥ್ಯದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಎಂಜಿನ್ ತಿರುಗಿಸಲು ಇದನ್ನು ನಂಬುವುದಿಲ್ಲ, ಎಲ್‌ಇಡಿ ದೀಪಕ್ಕೆ ಧಾರಾಳ.

ಬಲ್ಬ್ ತೆಗೆದ ಕೂಡಲೇ ಮತ್ತೆ ಚಾರ್ಜಿಗೆ ಹಾಕಿದ್ದೇನೆ. ಮೂರನೇ ಸೆಲ್‌ನ ಸಾಂದ್ರತೆ ಈ ಸುತ್ತಿನಲ್ಲಿ 1.20 ದಾಟದಿದ್ದರೆ ಬ್ಯಾಟರಿ ಮರುಬಳಕೆಗೆ ಹೋಗುತ್ತದೆ.