ಲೇಥ್ ಮೇಲಿನ ತಾಮ್ರವನ್ನು ಯಾವಾಗ ಇಳಿಸಬೇಕು?

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಲೇಥ್, ಅಂದರೆ ಲೋಹವನ್ನು ತಿರುಗಿಸುತ್ತ ರೂಪ ಕೊಡುವ ಯಂತ್ರ ಬಲ್ಲವರಿಗೆ ಬರವಿಲ್ಲ. ನಾನು ಅದರ ಮೇಲೆ ಮಾಡುವುದು ಸ್ಪಿನ್ನಿಂಗ್, ತಿರುಗುವ ತಾಮ್ರದ ತಗಡನ್ನು ಒತ್ತಿ ಬಟ್ಟಲು ಮಾಡುವ ಕೆಲಸ. ಒತ್ತಿದಷ್ಟೂ ತಗಡು ಬಿರುಸಾಗುವುದರಿಂದ ನಡುನಡುವೆ ಇಳಿಸಿ, ಕಾಯಿಸಿ ಮೆದು ಮಾಡಬೇಕು. ಆದರೆ ಇಲ್ಲಿನ ಕೈಗಳು ಪಳಗಿರುವುದು ಬೀಡು ಕಬ್ಬಿಣ ಮತ್ತು ಉಕ್ಕಿನ ಮೇಲೆ. ಹೀಗಾಗಿ ಕೆಂಪಗೆ ಕಾಯ್ದ ತಾಮ್ರದ ತಗಡನ್ನು ನಾನು ನೇರವಾಗಿ ನೀರಿಗೆ ಅದ್ದಿದಾಗ, ಪಕ್ಕದ ಶೆಡ್ಡಿನ ಹಿರಿಯ ಟರ್ನರ್ ಒಬ್ಬರು "ನೀರಿಗೆ ಹಾಕಿದ್ರ ಬಿರುಸಾಗೂದಿಲ್ಲೇನ್ರಿ?" ಎಂದು ಕೇಳಿದ್ದು ಸಹಜವೇ. ಉಕ್ಕಿನ ಮಟ್ಟಿಗೆ ಅವರ ಮಾತು ಸರಿ. ಅದರಲ್ಲಿರುವ ಇಂಗಾಲವು ಹಠಾತ್ತನೆ ತಣಿಸಿದಾಗ ಹೊರಬರಲಾಗದೆ ಸಿಕ್ಕಿಬಿದ್ದು ಲೋಹವನ್ನು ಗಡಸು ಮಾಡುತ್ತದೆ. ಶುದ್ಧ ತಾಮ್ರದಲ್ಲಿ ಅಂಥ ಬದಲಾವಣೆಯೇ ಇಲ್ಲ. ಅದು ಬಿರುಸಾಗುವುದು ಒತ್ತಿ ಬಗ್ಗಿಸಿದ್ದರಿಂದ, ಮೆದುವಾಗುವುದು ಕಾವಿನಿಂದ. ನೀರು ಮಾಡುವ ಕೆಲಸವೆಂದರೆ ಮೇಲಿನ ಕಪ್ಪು ಚಕ್ಕೆಯನ್ನು ಸಿಡಿಸುವುದು ಮತ್ತು ನಮ್ಮ ಸಮಯ ಉಳಿಸುವುದು.

ಸ್ಪಿನ್ನಿಂಗ್‌ನಲ್ಲಿ ಲೋಹವನ್ನು ಕೆತ್ತುವುದಿಲ್ಲ. ತಿರುಗುವ ತಗಡನ್ನು ಹೊಳಪಿನ ದುಂಡು ಮೂತಿಯ ಉದ್ದ ಹಿಡಿಕೆಯ ಉಪಕರಣದಿಂದ ಒತ್ತುತ್ತ, ಸಾಗವಾನಿಯ ಅಚ್ಚಿನ ಮೇಲೆ ಮಲಗಿಸಬೇಕು. ದಪ್ಪವನ್ನು ಹೆಚ್ಚು ತೆಳುವಾಗಿಸದೆ ಮಾಡಿದರೆ ತಗಡಿನ ವಿಸ್ತೀರ್ಣ ಬಹುತೇಕ ಹಾಗೆಯೇ ಉಳಿಯುತ್ತದೆ. ಆದ್ದರಿಂದ 150 ಮಿ.ಮೀ. ವ್ಯಾಸದ ಅರ್ಧಗೋಳದ ಬಟ್ಟಲಿಗೆ ಸುಮಾರು 212 ಮಿ.ಮೀ. ವ್ಯಾಸದ ಬಿಲ್ಲೆ ಬೇಕು, ಅಂಚು ಕತ್ತರಿಸಲು ತುಸು ಹೆಚ್ಚೇ ಇರಲಿ. ಸೋಪನ್ನೋ ಮೇಣವನ್ನೋ ಧಾರಾಳವಾಗಿ ಸವರಬೇಕು. ತಿರುಗುವ ಬಿಲ್ಲೆಯ ಅಂಚು ಅಲಗಿದ್ದಂತೆಯೇ. ಆದರೂ ಕೈಗವಸು ತೊಡುವ ಯೋಚನೆ ಬೇಡ, ಲೇಥ್ ಅದನ್ನು ಕೈಸಮೇತ ಎಳೆದುಕೊಳ್ಳುತ್ತದೆ.

ಉಪಕರಣವನ್ನು ತಗಡಿನ ಮೇಲೆ ಒಮ್ಮೆ ಒತ್ತಿ ಸಾಗಿಸುವುದೇ ಒಂದು ಎಳೆತ. ಮೊದಲ ಕೆಲವು ಎಳೆತಗಳಲ್ಲಿ ತಾಮ್ರ ಹೇಳಿದಂತೆ ಕೇಳುತ್ತದೆ. ಆಮೇಲೆ ಅದೇ ಒತ್ತಡಕ್ಕೆ ತಗಡು ಬಾಗಿ ಮತ್ತೆ ಹಿಂದಕ್ಕೆ ಚಿಮ್ಮತೊಡಗುತ್ತದೆ, ಹಿಡಿಕೆಯಲ್ಲಿ ಸಣ್ಣ ನಡುಕ ಬರುತ್ತದೆ, ಅಂಚಿನಲ್ಲಿ ಸುಕ್ಕಿನ ಅಲೆ ಏಳುತ್ತದೆ. ಇಳಿಸಿ ಕಾಯಿಸಬೇಕಾದ್ದು ಆಗಲೇ. ಇನ್ನೊಂದು ಎಳೆತಕ್ಕೆ ತಡೆದೀತು ಎಂಬ ಆಸೆಯಲ್ಲಿ ತೋಳ ಬಲ ಹಾಕಿದರೆ ಸುಕ್ಕು ಮಡಿಕೆಯಾಗುತ್ತದೆ, ಮಡಿಕೆ ಸೀಳಾಗುತ್ತದೆ. ಸೀಳಿದ ಮೇಲೆ ಯಾವ ಕಾವೂ ಅದನ್ನು ಸರಿಪಡಿಸದು.

ಕಾಯಿಸುವುದನ್ನು ನೆರಳಿನಲ್ಲೇ ಮಾಡಬೇಕು, ಏಕೆಂದರೆ ನಮಗೆ ಬೇಕಾದ ಮಬ್ಬು ಕೆಂಪು ಬಿಸಿಲಿನಲ್ಲಿ ಕಾಣುವುದೇ ಇಲ್ಲ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ, ಮೆದುವಾಗಲು 600ರ ಆಸುಪಾಸು ಧಾರಾಳ ಸಾಕು. ಅದಕ್ಕೂ ಮೀರಿ ಬಹಳ ಹೊತ್ತು ಇಟ್ಟರೆ ಒಳಗಿನ ಹರಳುಗಳು ದೊಡ್ಡದಾಗಿ, ಮತ್ತೆ ಒತ್ತುವಾಗ ಮೈಯೆಲ್ಲ ಒರಟಾಗಿ ಏಳುತ್ತದೆ. ಪಾಲಿಶ್ ಮಾಡುವವರು ಶಪಿಸುವುದು ಇದನ್ನೇ. ವಿದ್ಯುತ್ ಕೆಲಸದ ಸಾಮಾನ್ಯ ತಾಮ್ರವಾದರೆ ಜ್ವಾಲೆಯ ಬಗ್ಗೆಯೂ ಎಚ್ಚರ ಬೇಕು. ಅದರಲ್ಲಿ ಅಲ್ಪ ಆಮ್ಲಜನಕ ಇರುತ್ತದೆ. ಗ್ಯಾಸ್ ಹೆಚ್ಚಾಗಿ ಗಾಳಿ ಕಡಿಮೆಯಾದ ಜ್ವಾಲೆಯ ಜಲಜನಕವು ಒಳಹೊಕ್ಕು ಅದರೊಡನೆ ಸೇರಿ ಹಬೆಯಾಗಿ, ಹರಳುಗಳ ನಡುವೆ ಬಿರುಕು ಮಾಡುತ್ತದೆ. ರಂಜಕ ಬೆರೆಸಿ ಆಮ್ಲಜನಕ ತೆಗೆದ ತಗಡು ಸಿಕ್ಕರೆ ಈ ಚಿಂತೆಯಿಲ್ಲ.

ತಣಿಸಿದ ಮೇಲೆ ಉಳಿದ ಕಪ್ಪನ್ನು ಬಿಡಿಸಲು ದುರ್ಬಲ ಗಂಧಕಾಮ್ಲ ಬಳಸುವುದು ವಾಡಿಕೆ. ಪದರ ತೆಳುವಾಗಿದ್ದರೆ ಮನೆಯ ಹಂಡೆ ಬೆಳಗುವ ಹುಣಸೆಹಣ್ಣು, ಉಪ್ಪೇ ಸಾಕು. ಆ ಚಕ್ಕೆ ಉಳಿದರೆ ಮುಂದಿನ ಎಳೆತದಲ್ಲಿ ಮೈಯೊಳಗೆ ಒತ್ತಿಕೊಂಡುಬಿಡುತ್ತದೆ.

ಕೊನೆಯ ಎಳೆತದ ನಂತರ ಮಾತ್ರ ಕಾಯಿಸಬಾರದು. ಆ ಹೊತ್ತಿಗೆ ಬಂದ ಬಿರುಸೇ ಬಟ್ಟಲಿನ ಬಲ. ಅದನ್ನು ಕಾವಿನಲ್ಲಿ ಕಳೆದರೆ ಹೆಬ್ಬೆರಳು ಒತ್ತಿದಲ್ಲೆಲ್ಲ ತಗ್ಗು ಬೀಳುತ್ತದೆ. ಅಂಚನ್ನು ಸುರುಳಿ ಮಡಿಸುವ ಯೋಚನೆಯಿದ್ದರೆ ಬಾಯಿಯ ಸುತ್ತ ಮಾತ್ರ ಕಾಯಿಸಿ, ಮಡಿಸಿ, ಉಳಿದ ಮೈಯನ್ನು ಹಾಗೆಯೇ ಬಿಡುವುದು ಒಳ್ಳೆಯದು.