ಅಕ್ಯಾಂಥಸ್: ಬೇರು ಬಲ್ಲವರ ಗಿಡ

ರೋಮ್ ನಗರದ ಪಾಳುಗಟ್ಟಡಗಳ ನಡುವೆ, ಕಲ್ಲುಗೋಡೆಗಳ ಬುಡದಲ್ಲಿ, ಯಾರೂ ನೀರೆರೆಯದ ಮರದ ನೆರಳಿನಲ್ಲಿ ಹೊಳೆಯುವ ಕಡುಹಸಿರು ಎಲೆಗಳನ್ನು ಹರಡಿಕೊಂಡು ನಿಂತಿರುವ ಗಿಡ ಅಕ್ಯಾಂಥಸ್ ಮೋಲಿಸ್. ಇಟಲಿಗೆ ಬಂದು ನೆಲೆಸಿದ ಮೇಲೆ ನಮ್ಮ ಹಿತ್ತಿಲಿನಲ್ಲಿ ಬೆಳೆಸಿದ ಗಿಡಗಳಲ್ಲಿ ನನಗೆ ಇದರಷ್ಟು ಪ್ರಿಯವಾದದ್ದು ಬೇರೊಂದಿಲ್ಲ. ಇದರ ಸೀಳುಸೀಳಾದ ಎಲೆಗಳು ಅರ್ಧ ಮೀಟರಿಗೂ ಮೀರಿ ಉದ್ದವಾಗುತ್ತವೆ. ಮೇ ತಿಂಗಳ ಹೊತ್ತಿಗೆ ಅವುಗಳ ನಡುವಿನಿಂದ ಆಳೆತ್ತರದ ಹೂದಂಡುಗಳು ನೆಟ್ಟಗೆ ಮೇಲೇಳುತ್ತವೆ. ಹೂವಿಗೆ ಮೇಲಿನ ತುಟಿಯೇ ಇಲ್ಲ. ಆ ಜಾಗದಲ್ಲಿ ನೇರಳೆ ಬಣ್ಣದ ಪುಷ್ಪಪತ್ರವೊಂದು, ಅಂದರೆ ಮೊಗ್ಗಿನ ಹೊರಹೊದಿಕೆಯ ಭಾಗ, ಬಿಳಿಯ ಎಸಳಿನ ಮೇಲೆ ಕವಿದಿರುತ್ತದೆ.

ಪ್ರಾಚೀನ ಗ್ರೀಕ್, ರೋಮನ್ ಕಟ್ಟಡಗಳ ಕೊರಿಂಥಿಯನ್ ಶೈಲಿಯ ಕಂಬಗಳ ತಲೆಯ ಮೇಲೆ ಕೆತ್ತಿರುವುದು ಅಕ್ಯಾಂಥಸ್ ಎಲೆಗಳನ್ನೇ. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಈ ಕಂಬದ ಹುಟ್ಟಿನ ಬಗ್ಗೆ ಒಂದು ಕಥೆ ಹೇಳಿದ್ದಾನೆ. ಗ್ರೀಸಿನ ಕೊರಿಂಥ್ ನಗರದ ಹುಡುಗಿಯೊಬ್ಬಳು ತೀರಿಕೊಂಡಾಗ, ಅವಳನ್ನು ಸಾಕಿದ ದಾದಿಯು ಅವಳ ಮೆಚ್ಚಿನ ವಸ್ತುಗಳನ್ನು ಬುಟ್ಟಿಯಲ್ಲಿ ತುಂಬಿ, ಸಮಾಧಿಯ ಮೇಲಿಟ್ಟು, ಹೆಂಚೊಂದನ್ನು ಮುಚ್ಚಿ ಹೋದಳಂತೆ. ಬುಟ್ಟಿಯ ಅಡಿಯಲ್ಲಿದ್ದ ಅಕ್ಯಾಂಥಸ್ ಬೇರು ವಸಂತದಲ್ಲಿ ಚಿಗುರಿ, ಎಲೆಗಳು ಬುಟ್ಟಿಯನ್ನು ಸುತ್ತುವರಿದು, ಹೆಂಚಿನ ಭಾರಕ್ಕೆ ತುದಿಯಲ್ಲಿ ಸುರುಳಿಯಾದವು. ಅದನ್ನು ಕಂಡ ಶಿಲ್ಪಿ ಕಲ್ಲಿಮಾಕಸ್ ಹೊಸ ಬಗೆಯ ಕಂಬವನ್ನು ರೂಪಿಸಿದನು. ಇದು ನಡೆದ ಸಂಗತಿಯೋ ಅಲ್ಲವೋ, ಕಥೆ ಕಟ್ಟಿದವರಿಗೆ ಈ ಗಿಡದ ಸ್ವಭಾವ ಚೆನ್ನಾಗಿ ತಿಳಿದಿತ್ತು ಎಂಬುದು ಮಾತ್ರ ನನಗೆ ಖಚಿತ. ಮೇಲೆ ಏನೇ ಹೇರಿದರೂ ಕೆಳಗಿನ ಬೇರು ಸುಮ್ಮನಿರುವುದಿಲ್ಲ.

ಆದುದರಿಂದ ಜಾಗದ ಆಯ್ಕೆಯಲ್ಲಿ ಅವಸರ ಸಲ್ಲದು. ದಪ್ಪನಾದ, ರಸಭರಿತ ಬೇರುಗಳು ಆಳಕ್ಕಿಳಿಯುತ್ತವೆ. ಗಿಡವನ್ನು ಕಿತ್ತು ಬೇರೆಡೆ ನೆಟ್ಟರೂ ಮಣ್ಣಿನಲ್ಲಿ ಉಳಿದ ಚಿಕ್ಕ ತುಂಡುಗಳು ಮತ್ತೆ ಚಿಗುರುತ್ತವೆ. ನ್ಯೂಜಿಲೆಂಡಿನಲ್ಲಿ ಇದು ತೋಟದಿಂದ ತಪ್ಪಿಸಿಕೊಂಡು ಕಳೆಯಾಗಿ ಹಬ್ಬಿರುವುದಕ್ಕೆ ಇದೂ ಒಂದು ಕಾರಣ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ, ನೀರು ನಿಲ್ಲದ ಮೂಲೆ ಇದಕ್ಕೆ ಒಪ್ಪುತ್ತದೆ. ಗಾಢ ನೆರಳಿನಲ್ಲಿ ಎಲೆಗಳು ಸೊಂಪಾಗಿ ಬಂದರೂ ಹೂವು ಕಡಿಮೆ.

ಹೊಸಬರು ಹೆಚ್ಚಾಗಿ ಗಾಬರಿಯಾಗುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಹೂವು ಮುಗಿದು ಮಳೆಯಿಲ್ಲದ ಬಿಸಿಲು ಬಂದೊಡನೆ ಎಲೆಗಳು ಹಳದಿಯಾಗಿ, ಜೋತುಬಿದ್ದು, ಕೊನೆಗೆ ನೆಲ ಬರಿದಾಗುತ್ತದೆ. ಗಿಡ ಸತ್ತಿಲ್ಲ, ನಿದ್ರಿಸುತ್ತಿದೆ. ನೀರು ಕೊಡುತ್ತಿದ್ದರೆ ಎಲೆಗಳನ್ನು ಉಳಿಸಿಕೊಳ್ಳಬಹುದು. ಆದರೆ ಒಣ ಎಲೆಗಳನ್ನು ಬುಡಕ್ಕೆ ಕತ್ತರಿಸಿ ಅದನ್ನು ಅದರ ಪಾಡಿಗೆ ಬಿಡುವುದೇ ಸರಿಯೆಂದು ನಾನು ನಂಬಿದ್ದೇನೆ, ಏಕೆಂದರೆ ಶರತ್ಕಾಲದ ಮೊದಲ ಮಳೆಗೆ ಅದು ತಾನಾಗಿಯೇ ಹೊಸ ಎಲೆಗಳನ್ನು ತರುತ್ತದೆ. ಆ ಎಳೆಯ ಎಲೆಗಳಿಗೆ ಬಸವನಹುಳುಗಳ ಕಾಟ ವಿಪರೀತ. ಸಂಜೆ ದೀಪ ಹಿಡಿದು ಒಂದೊಂದಾಗಿ ಆರಿಸಿ ತೆಗೆಯಬೇಕು. ಗಾಳಿಯಾಡದ ಕಡೆ ಬೂದಿರೋಗವೂ ಬರುತ್ತದೆ. ಹಿಮ ಬಿದ್ದರೆ ಎಲೆಗಳು ಕಪ್ಪಾಗುತ್ತವೆ, ಬುಡಕ್ಕೆ ತರಗೆಲೆಗಳನ್ನು ದಪ್ಪವಾಗಿ ಹೊದಿಸಿದ್ದರೆ ಬೇರಿಗೆ ತೊಂದರೆಯಿಲ್ಲ.

ಸಸಿ ಮಾಡಿಕೊಳ್ಳಲು ಚಳಿಗಾಲದಲ್ಲಿ ಪೆನ್ಸಿಲ್ ದಪ್ಪದ ಬೇರನ್ನು ಅಗೆದು, 5ರಿಂದ 7 ಸೆಂಟಿಮೀಟರಿನ ತುಂಡುಗಳನ್ನಾಗಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಊರಿದರೆ ಸಾಕು. ಬೀಜದಿಂದಲೂ ಬೆಳೆಸಬಹುದು, ಆದರೆ ಹೂವಿಗಾಗಿ ಕೆಲವು ವರ್ಷ ಕಾಯಬೇಕು. ಬಲಿತು ಒಣಗಿದ ಕಾಯಿಗಳು ಸಿಡಿದು ಬೀಜಗಳನ್ನು ದೂರಕ್ಕೆ ಎಸೆಯುತ್ತವೆ. ನಮ್ಮ ಕನಕಾಂಬರದ ಕಾಯಿಯೂ ಹೀಗೆಯೇ ಸಿಡಿಯುತ್ತದೆ. ಕನಕಾಂಬರ, ಗೋರಂಟೆ, ಆಡುಸೋಗೆ ಎಲ್ಲವೂ ಅಕ್ಯಾಂಥಸ್‌ನ ಹೆಸರನ್ನೇ ಹೊತ್ತ ಅಕ್ಯಾಂಥೇಸಿ ಕುಟುಂಬಕ್ಕೆ ಸೇರಿದವು. ಊರಿನ ಗೆಳೆಯರು ಬೇರು ಕಳುಹಿಸೆಂದು ಕೇಳಿದಾಗ ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಚಳಿಗಾಲದಲ್ಲಿ ನೆನೆಯುವ ನೆಲಕ್ಕೆ ಹೊಂದಿಕೊಂಡ ಬೇರು ಮಲೆನಾಡಿನ ಜುಲೈ ಮಳೆಯಲ್ಲಿ ಕೊಳೆಯುವ ಸಂಭವವೇ ಹೆಚ್ಚು; ಅಲ್ಲಿನ ಹಿತ್ತಿಲಿಗೆ ಬಿಳಿ ಗೋರಂಟೆಯ ಸಾಲು ಹಾಕಿರೆಂದು ಅವರಿಗೆ ಹೇಳುತ್ತೇನೆ.